ಒಂದು ಕೂಗಳತೆ ದೂರದ ನೀರು

ಆಗೆಲ್ಲ ನಮ್ಮ ಕೆ.ಆರ್. ಪೇಟೆ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಹೇಳುತ್ತಿದ್ದವರು ಬಸ್ಸಿನ ಕಂಡಕ್ಟರು ಮಾತ್ರ. ಮಿಕ್ಕವರೆಲ್ಲ ‘ಒಂದು ಕೂಗಳತೆ’ ಎಂದುಬಿಡುತ್ತಿದ್ದರು. ಯಾರ ಕೂಗು, ಎಷ್ಟು ಜೋರಿನ ಕೂಗು ಎಂದು ನಾನು ಮನೆಯವರ ತಲೆ ತಿನ್ನುತ್ತಿದ್ದೆ.

ನನಗಾಗ ಹತ್ತು ವರ್ಷ, ಬೇಸಿಗೆ ರಜೆ. ನಾಗಮಂಗಲದ ಬಸ್ಸು ತಪ್ಪಿತೆಂದು ಚಿಕ್ಕಪ್ಪ ನನ್ನನ್ನು ಬೆಟ್ಟ ದಾಟಿಸಿಯೇ ಅತ್ತೆಯ ಊರಿಗೆ ನಡೆಸಿಕೊಂಡು ಹೊರಟ. ನನ್ನ ಸ್ಕೂಲ್ ಬ್ಯಾಗಿನಲ್ಲಿ ಅತ್ತೆಗೆಂದು ಅವ್ವ ಕೊಟ್ಟ ಕಜ್ಜಾಯದ ದೊಡ್ಡ ಡಬ್ಬಿ. ನೀರು ಬೇಡವಾ ಎಂದು ಚಿಕ್ಕಪ್ಪನನ್ನು ಕೇಳಿದೆ.

“ಮ್ಯಾಲೆ ದೊಣೆ ಅದೆ ಕಣವ್ವ, ಬ್ಯಾಸ್ಗೇಲೂ ಬತ್ತಕ್ಕಿಲ್ಲ. ನೀರ್ಯಾಕೆ ಒತ್ಕಂಡೋಗದು?”

ದೊಣೆಯೆಂದರೆ ಬಂಡೆಯ ಕುಳಿಯಲ್ಲಿ ನಿಂತ ಮಳೆನೀರು. ಅದನ್ನೇ ನಂಬಿ ಹತ್ತಿದೆವು. ಒಣಹುಲ್ಲು ಕಾದು ವಾಸನೆ ಬರುತ್ತಿತ್ತು. ಹಸಿವಾಗಿ ಕಜ್ಜಾಯ ತಿಂದದ್ದೇ ತಪ್ಪಾಯಿತು. ಬೆಲ್ಲ ಗಂಟಲಿಗೆ ಅಂಟಿ ಬಾಯಾರಿಕೆ ಇಮ್ಮಡಿಯಾಯಿತು. ಆಡು ಕಾಯುವ ಅಜ್ಜಿಯೊಬ್ಬಳು ಸಿಕ್ಕಳು. ಅವಳ ಬಾಟಲಿಯೂ ಖಾಲಿ.

“ಆ ಬಂಡೆ ಎಡಕ್ಕೋಗಿ, ಒಂದ್ ಕೂಗಳತೆ,” ಎಂದು ಆಡುಗಳ ಹಿಂದೆ ಇಳಿದುಹೋದಳು.

ಸ್ವಲ್ಪ ದೂರಕ್ಕೇ ಚಿಕ್ಕಪ್ಪ ತಲೆ ಸುತ್ತಿ ಬಂಡೆಯ ನೆರಳಲ್ಲಿ ಕುಸಿದ. ಉಳಿದ ಕಜ್ಜಾಯವನ್ನು ತನ್ನ ಟವೆಲ್ಲಿಗೆ ಸುರಿದುಕೊಂಡು ಡಬ್ಬಿ ಕೊಟ್ಟ.

“ನೀನೇ ಓಗು ಮಗಾ. ಕೂಗ್ತಾ ಓಗು, ನಾನು ಓ ಅಂತೀನಿ. ನನ್ ದನಿ ನಿಂತೋದ್ರೆ ಇಂದಕ್ಕೆ ಬಂದ್ಬುಡು.”

“ಚಿಕ್ಕಪ್ಪಾ!”

“ಓ!”

ಐದು ಸಲವೂ ‘ಓ’ ಬಂತು, ಸಲಸಲಕ್ಕೂ ಸಣ್ಣದಾಯಿತು. ಭಯದ ನಡುವೆಯೂ ನನಗೊಂದು ಕುತೂಹಲ, ಕೂಗಳತೆ ಮುಗಿಯುವುದು ಎಲ್ಲಿ? ಆರನೆಯ ಸಲ ಏನೂ ಕೇಳಿಸಲಿಲ್ಲ. ದೊಣೆಯೂ ಕಾಣಲಿಲ್ಲ. ಹಿಂತಿರುಗಬೇಕಿತ್ತು. ಬರಿಗೈಯಲ್ಲಿ ಹೋಗಿ ಏನು ಮಾಡಲಿ ಎಂದು ಜೋರಾಗಿ ಅಳುತ್ತಲೇ ಮುಂದಿನ ಬಂಡೆ ಹತ್ತಿದೆ. ಕೆಳಗೆ ಪಾಚಿ ಕಟ್ಟಿದ ನೀರಿತ್ತು.

ಡಬ್ಬಿಯಲ್ಲಿ ತುಂಬಿ ತಂದ, ಕಜ್ಜಾಯದ ಎಣ್ಣೆ ತೇಲುತ್ತಿದ್ದ ಆ ನೀರನ್ನು ಚಿಕ್ಕಪ್ಪ ಉಸಿರು ಬಿಡದೆ ಕುಡಿದ. ನನಗೆ ಸಿಟ್ಟು ಉಕ್ಕಿತು.

“ಯಾಕೆ ಓ ಅನ್ನಲಿಲ್ಲ?”

“ಅಂತಾನೇ ಇದ್ದೆ ಕಣವ್ವ. ಗಂಟ್ಲು ಒಣ್ಗೋಗಿ ದನೀನೇ ಬರ್ನಿಲ್ಲ. ನೀ ಅಳದು ಮಾತ್ರ ನಂಗೆ ಕೇಳುಸ್ತಾನೇ ಇತ್ತು.”

ಚಿಕ್ಕಪ್ಪ ಈಗಿಲ್ಲ. ಮೊನ್ನೆ ಮಗಳೊಂದಿಗೆ ಅದೇ ಬೆಟ್ಟ ಹತ್ತಿದೆ. ಬೆನ್ನಿಗೆ ಎರಡೆರಡು ಬಾಟಲಿ ನೀರು, ಫೋನಿನಲ್ಲಿ ದಾರಿ. ಅವಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಮುಂದೆ, ನಾನು ಹಿಂದೆ. ದಾರಿ ತಪ್ಪಲಿಲ್ಲ, ಬಾಯಾರಲಿಲ್ಲ. ಇಡೀ ದಿನ ನಾವು ಒಬ್ಬರನ್ನೊಬ್ಬರು ಒಮ್ಮೆಯೂ ಕೂಗಲಿಲ್ಲ.