ಸೂಸಲದ ನಿಂಬೆಹಣ್ಣು

ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಮುದಗಲ್ ಹತ್ತಿರದ ಗುಡ್ಡದಲ್ಲಿ ಸ್ಫಟಿಕದ ಹರಳು ಸಿಗುತ್ತವೆ ಅಂತ ಹೆಂಡತಿ, ಮಗಳನ್ನು ಕರೆದುಕೊಂಡು ಹೋಗಿದ್ದೆ. ಮೊಳದಾಳ ಅಗೆಯುವುದರೊಳಗೆ ಮಗಳಿಗೆ ಬೆರಳಿನಷ್ಟು ದಪ್ಪದ ಹರಳು ಸಿಕ್ಕಿತು. ಅವಳು ಕುಣಿಯುತ್ತಿರುವಾಗಲೇ ಗುಡ್ಡದ ಕೆಳಗಿನ ಹೊಲದವನೊಬ್ಬ ಬಂದ.

"ಯಾರ್ರಿ ನೀವು? ನಿಧಿ ತಗಿಯಾಕ ಬಂದೀರೇನು?"

"ಇಲ್ರಿ, ಹರಳು ಹುಡುಕಾಕತ್ತೀವಿ."

ಅವನು ನಮ್ಮ ಬುತ್ತಿಚೀಲಕ್ಕೆ ಕೈ ಹಾಕಿ, ಮಂಡಾಳ ಸೂಸಲಕ್ಕೆ, ಅಂದರೆ ಮಂಡಕ್ಕಿ ಒಗ್ಗರಣೆಗೆ, ಹಿಂಡಲು ತಂದಿದ್ದ ನಿಂಬೆಹಣ್ಣು ಎತ್ತಿ ಹಿಡಿದ.

"ಮತ್ತ ಇದ್ಯಾಕ? ಈ ಹುಡುಗಿನ್ನ ಬಲಿ ಕೊಡಾಕ ಕರಕೊಂಡ ಬಂದೀರೇನು?"

ಹಡೆದವರ ಮುಂದೆ ಆಡುವ ಮಾತೇ ಇದು? "ನಿನ್ನ ಬಾಯಾಗ ಹುಳಾ ಬೀಳಲಿ!" ಎಂದು ಹೆಂಡತಿ ಚೀರಿದಳು. ನಾನು ಅವನ ಅಂಗಿ ಹಿಡಿಯುವುದೊಂದೇ ಬಾಕಿ. ಮಗಳು ಅಳತೊಡಗಿದ್ದರಿಂದ ಹಲ್ಲು ಕಚ್ಚಿಕೊಂಡು ಗುಡ್ಡ ಇಳಿದೆ. ನಿಂಬೆಹಣ್ಣು ಅವನ ಕೈಯಲ್ಲೇ ಉಳಿಯಿತು.

ರಸ್ತೆಗೆ ಬಂದ ಮೇಲೆ ಅಲ್ಲೇ ಬಿಟ್ಟುಬಂದ ಸಲಿಕೆ ನೆನಪಾಗಿ ಒಬ್ಬನೇ ತಿರುಗಿ ಹೋದೆ. ನಮ್ಮ ತಗ್ಗಿನ ದಂಡೆಗೆ ನಮ್ಮದೇ ನಿಂಬೆಹಣ್ಣು ಕೊಯ್ದಿಟ್ಟು, ನಮ್ಮದೇ ಸಲಿಕೆಯಿಂದ ಅವನು ಬೆವರು ಸುರಿಸಿ ಅಗೆಯುತ್ತಿದ್ದ. ನನ್ನನ್ನು ಕಂಡು ದನಿ ತಗ್ಗಿಸಿದ.

"ಖರೇ ಹೇಳ್ರಿ, ಇನ್ನ ಎಷ್ಟ ಆಳ ಐತಿ?"

"ಹತ್ತಾಳು ಆಳ ಐತ್ರಿ," ಎಂದು ಹೇಳಿ, ಸಲಿಕೆಯನ್ನೂ ಅವನಿಗೇ ಬಿಟ್ಟು ಬಂದೆ.