ಜವಳದ ಕತ್ತಿ

ಎರಡೂ ಕೈ ಮುಂದೆ ಚಾಚಿ, ಬಸ್ಸು ನಿಲ್ಲಿಸುವವರ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿದರೆ ಕಾಕಾನ ಕೈ ನಿಲ್ಲುತ್ತಿರಲಿಲ್ಲ. ಮಣಿಕಟ್ಟು ತಟ್ಟನೆ ಕುಸಿದು ಮತ್ತೆ ಮೇಲೇಳುತ್ತಿತ್ತು. ಲಿವರ್ ಸೋತು ಅದರ ವಿಷ ತಲೆಗೇರುವಾಗ ಹೀಗಾಗುತ್ತದೆ. ಆಸ್ಪತ್ರೆಯವರು ಕೊಟ್ಟ ನಮೂನೆಯಲ್ಲಿ ‘ಇದೆ’ ಎಂಬ ಚೌಕಕ್ಕೆ ಗುರುತು ಹಾಕಿದೆ. ರೋಣದ ನಮ್ಮ ಓಣಿಯ ಗಂಡಸರ ಗದ್ದವೆಲ್ಲ ನುಣುಪಾದದ್ದು ಆ ಕೈಯಲ್ಲಿ.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಲಿವರ್ ರೋಗದ ಅಧ್ಯಯನ ನಡೆದಿತ್ತು. ರೋಗಿಗಳ ಮನೆಗೆ ಹೋಗಿ ವಿವರ ಬರೆದುಕೊಂಡು ರಕ್ತದ ಮಾದರಿ ತರುವುದು ನನ್ನ ಕೆಲಸ. ಅವರು ನನಗೆ ಹುಟ್ಟಿದಾಗಿನಿಂದ ಕಾಕಾ, ಕಟಿಂಗ್ ಅಂಗಡಿಯ ಕಾಕಾ. ಕುಡಿದು ಬಂದವರನ್ನು ಕುರ್ಚಿ ಹತ್ತಿಸುತ್ತಿರಲಿಲ್ಲ. ಟವೆಲು ಕೊಡವುವ ನೆಪದಲ್ಲಿ ಮೂಗನ್ನು ಬಾಯಿಯ ಹತ್ತಿರ ತಂದು, “ಇವತ್ತ ಬ್ಯಾಡ್ರಿ ಗೌಡ್ರ, ನಾಳಿ ಬರ್ರಿ. ಕತ್ತಿಗೂ ಒಂದ ಮರ್ಯಾದಿ ಐತಿ” ಅನ್ನುತ್ತಿದ್ದರು. ಅಂಥ ಕಾಕಾನ ಕಣ್ಣು ಹಳದಿಯಾಗಿ ಕೈ ನಡುಗತೊಡಗಿದಾಗ, ಹಾಗೆ ವಾಪಸು ಹೋಗಿದ್ದವರೇ “ಕದ್ದು ಕುಡೀತಿದ್ದ” ಎಂದು ನಕ್ಕರು. ಗಿರಾಕಿಗಳು ಹೋದರು. ಅಂಗಡಿ ಮುಚ್ಚಿತು.

ನಮ್ಮ ನಮೂನೆಯ ಮೊದಲ ಪ್ರಶ್ನೆಯೂ ಅದೇ. ದಿನಕ್ಕೆ ಎಷ್ಟು ಕುಡಿಯುತ್ತೀರಿ? ತಲೆ ತಗ್ಗಿಸಿಕೊಂಡು ಕೇಳಿದೆ.

“ನೀನೂ ಕೇಳ್ತಿಯೇನಪಾ?” ಅಂದರು.

ಅವರ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕು ಸಿಕ್ಕಿತು. ಬಹಳ ವರ್ಷಗಳಿಂದ ಒಳಗೇ ಇದ್ದದ್ದು. ನಾನು ಸಿಹಿ ಸುದ್ದಿ ತಂದವನಂತೆ, “ಕಾಕಾ, ನಿಮ್ಮ ಮ್ಯಾಲಿನ ಮಾತ ಹೋತ್ರಿ. ಇದು ಕುಡದು ಬಂದದ್ದಲ್ಲ” ಅಂದೆ. ಮತ್ತೆ ಹೇಗೆ ಬರುತ್ತದೆ ಎಂದು ಕೇಳಿದರು. ಬಾಯಿಪಾಠ ಒಪ್ಪಿಸಿದೆ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಿದರೆ ಬರುತ್ತದೆ, ಸೂಜಿಯಿಂದ, ಬ್ಲೇಡಿನಿಂದ. ದೊಡ್ಡವರ ಮೈ ಬಹುಮಟ್ಟಿಗೆ ಅದನ್ನು ಹೊರಹಾಕುತ್ತದೆ. ಎಳೆಕೂಸುಗಳಲ್ಲಿ ಜೀವಮಾನವಿಡೀ ಉಳಿದುಬಿಡಬಹುದು.

“ಜವಳದ ಕೂಸು?” ಅಂದರು.

ನನಗೆ ಆಗ ತಿಳಿಯಿತು. ಕೂಸಿನ ಮೊದಲ ಕೂದಲು ತೆಗೆಯುವ ಜವಳಕ್ಕೆ ಸುತ್ತಲಿನ ಹಳ್ಳಿಗಳವರು ಅವರನ್ನೇ ಕರೆಯುತ್ತಿದ್ದರು. ಅಪ್ಪನ ಗಡ್ಡಕ್ಕೂ ಕೂಸಿನ ತಲೆಗೂ ಒಂದೇ ಕತ್ತಿ. ನಡುವೆ ನೀರಲ್ಲಿ ಅದ್ದಿ ಒರೆಸಿದರೆ ಸಾಕು ಎಂದು ಎಲ್ಲರೂ ನಂಬಿದ್ದ ಕಾಲ.

ಒಳಗಿದ್ದ ಅವರ ಹೆಂಡತಿ, ಕಾಕೂ, ಹೊರಬಂದರು. “ಕುಡುಕ ಅಂದ್ರ ಅನ್ಲಿ, ನೀವು ಸುಮ್ಮನಿರ್ರಿ. ಈ ಮಾತ ಹೊರಗ ಹ್ವಾದ್ರ ಗಜೇಂದ್ರಗಡದಾಗ ಮಗನ ಕಟಿಂಗ್ ಅಂಗಡಿಗೆ ಒಂದ ನರಪಿಳ್ಳಿ ಬರಂಗಿಲ್ಲ.”

ಅದು ಸುಳ್ಳಾಗಿರಲಿಲ್ಲ.

ಎಂಟು ದಿನ ಬಿಟ್ಟು ಕಾಕಾ ನನ್ನನ್ನು ಕರೆಸಿ “ಬರಕೋ” ಅಂದರು. ಕತ್ತಿ ತಾಗಿ ರಕ್ತ ಬಂದಿದ್ದ ಕೂಸುಗಳನ್ನು ಒಂದೊಂದಾಗಿ ಹೇಳಿದರು. ಮುಶಿಗೇರಿಯ ಅವಳಿ ಹುಡುಗರು, ಈಗ ಕೊಣ್ಣೂರಿಗೆ ಕೊಟ್ಟಿರುವ ಬಡಿಗೇರರ ಹುಡುಗಿ, ಹೀಗೆ. ಕತ್ತಿ ಎಲ್ಲಿ ತಾಗಿತ್ತು, ಕೂಸು ಯಾವ ಸೋದರಮಾವನ ತೊಡೆಯ ಮೇಲಿತ್ತು, ಎಲ್ಲ ನೆನಪಿತ್ತು. “ರಕ್ತ ಬಂದ ಕೂಸಿನ ಮಾರಿ ಮರಿಯಾಕ ಆಗಂಗಿಲ್ಲಪಾ” ಅಂದರು. ಇಪ್ಪತ್ತಮೂರು ಮನೆಗಳಾದವು.

“ಇನ್ನೊಂದು ನಿಂದು. ಎಡಗಿವಿ ಮ್ಯಾಲ.”

ನನ್ನ ಹೆಸರನ್ನು ನಾನೇ ಬರೆದೆ. ಏನೂ ಅನಿಸಲಿಲ್ಲ. ಊರ ಮಂದಿಯ ರಕ್ತ ಕೇಳಿಕೊಂಡು ತಿರುಗಿದವನು ನನ್ನದನ್ನು ಎಂದೂ ಕೊಟ್ಟಿರಲಿಲ್ಲ.

ಆ ಇಪ್ಪತ್ತಮೂರು ಮನೆಗಳಿಗೆ ಅವರೇ ಹೋದರು. ಹಾದಿಯಲ್ಲಿ ಬಿದ್ದಾರೆಂದು ನಾನು ಜೊತೆಗಿದ್ದೆ. ಮುಶಿಗೇರಿಯಲ್ಲಿ ಅವಳಿಗಳ ತಾಯಿ ಬಾಗಿಲಲ್ಲೇ ತಡೆದಳು.

“ನನ್ನ ಮಕ್ಕಳಿಗೆ ಏನ ಮಾಡಿಟ್ಟಿಯೋ ಯಪ್ಪಾ?”

“ಗೊತ್ತಿರಲಿಲ್ಲವ್ವಾ. ಈಗ ಗೊತ್ತಾಗೇತಿ, ಹೇಳಾಕ ಬಂದೇನಿ. ಲಗೂ ದವಾಖಾನಿಗೆ ಕರಕೊಂಡ ಹೋಗು.”

ಕುಡಿಯಲು ನೀರು ಕೂಡ ಕೊಡಲಿಲ್ಲ ಅವಳು. ಮರುದಿನ ಮಕ್ಕಳಿಬ್ಬರನ್ನೂ ಪರೀಕ್ಷೆಗೆ ಕರೆದೊಯ್ದಳು. ಕಾಕೂ ಹೇಳಿದಂತೆ ಗಜೇಂದ್ರಗಡದ ಅಂಗಡಿ ಖಾಲಿಯಾಯಿತು. ಮಗ ಮನೆಗೆ ಬರುವುದನ್ನು ಬಿಟ್ಟ.

ಆಮೇಲೆ ನಾನೂ ರಕ್ತ ಕೊಟ್ಟೆ. ನನ್ನಲ್ಲೂ ಸೋಂಕು ಇತ್ತು. ಕತ್ತಿಯಿಂದಲೇ ಬಂದದ್ದು ಎಂದು ಹೇಳಲಾಗದು, ಬೇರೆ ದಾರಿಗಳೂ ಇವೆ ಎಂದರು ಡಾಕ್ಟರು. ಲಿವರಿಗೆ ಪೆಟ್ಟು ಬೀಳುವ ಮೊದಲೇ ಗೊತ್ತಾದದ್ದು ಪುಣ್ಯ, ಜೊತೆಗೆ ಬಾಳುವ ಹೆಂಡತಿಗೂ ತಾಗಿರಬಹುದು, ಅವಳ ರಕ್ತವನ್ನೂ ತೋರಿಸು ಎಂದರು. ಕಾಕಾನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗುಳಿಗೆಗಳನ್ನು ಕೆಲಸದ ಚೀಲದಲ್ಲಿ ಬಚ್ಚಿಟ್ಟು ನುಂಗಿದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ.

ನೋಡಲು ಹೋದಾಗಲೆಲ್ಲ ಕಾಕಾ ಕೇಳುತ್ತಿದ್ದರು. “ಮನ್ಯಾಗ ಹೇಳಿದಿಯೇನು?”

“ಹೂನ್ರಿ, ಹೇಳೇನಿ.”

ನನ್ನ ಮುಖ ನೋಡಿ, ಮಾತು ಬೇರೆಡೆ ತಿರುಗಿಸುತ್ತಿದ್ದರು. ಅವರಿಗೆ ಗೊತ್ತಿತ್ತು ಎಂದೇ ಈಗ ಅನಿಸುತ್ತದೆ.

ಕಾಕಾ ರಕ್ತ ಕಾರಿಕೊಂಡು ತೀರಿಹೋದರು. ನಮೂನೆಯಲ್ಲಿ ‘ಸಾವು’ ಎಂಬ ಚೌಕಕ್ಕೂ ನಾನೇ ಗುರುತು ಹಾಕಿದೆ. ಮಣ್ಣಿಗೆ ಬಂದ ಮಂದಿ ಕಡಿಮೆ. ಅಂಗಳದಲ್ಲಿ ಕಾಕಾನ ಶವವನ್ನು ಕೂರಿಸಿದ್ದರು. ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದಳು.

“ನಿಮ್ಮ ಜವಳಾನೂ ಇವ್ರ ಕೈಲೇ ಆಗಿದ್ದಲ್ರಿ? ರಕ್ತಾ ತೋರಸೀರೇನು?”

“ತೋರಸೇನಿ.”

“ಏನಂದ್ರು?”

“ಐತಿ ಅಂದ್ರು. ಮೂರ ತಿಂಗಳಾತು.”

ಅವಳು ನನ್ನತ್ತ ತಿರುಗಲಿಲ್ಲ. ಕಾಕಾನ ಮುಖವನ್ನೇ ನೋಡುತ್ತಿದ್ದಳು.

“ಅಂಥಾ ಮೈಯಾಗ ಇಪ್ಪತ್ತಮೂರ ಮನಿ ಬಾಗಲಿಗೆ ಹೋಗಿ ಹೇಳ್ಯಾರ. ನಿಮಗ ಒಂದ ಮನ್ಯಾಗ ಹೇಳೂದ ಆಗಲಿಲ್ಲ.”

ಮರುದಿನ ಅವಳು ರಕ್ತ ಕೊಟ್ಟಳು. ಸೋಂಕಿಲ್ಲ ಎಂದು ಬಂದ ಮೇಲೂ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ.