ಶ್ರಮಜೀವಿಯ ಪ್ಯಾಂಟು

ಗೆಳೆಯರೇ, ಕಚೇರಿಯ ಕೆಲಸ ಎಷ್ಟು ಕಠಿಣವೆಂಬುದು ನನಗೆ ಇವತ್ತು ಚಾಮರಾಜನಗರದ ಒಂದು ಟೈಲರ್ ಅಂಗಡಿಯಲ್ಲಿ ತಿಳಿಯಿತು.

ನಮ್ಮ ಕಚೇರಿಯ ನಂಜಪ್ಪನವರಿಗೆ ಸಂಜೆ ನಾಲ್ಕಕ್ಕೆ ‘ವರ್ಷದ ಶ್ರಮಜೀವಿ ನೌಕರ’ ಎಂದು ಸನ್ಮಾನವಿತ್ತು. ಮಧ್ಯಾಹ್ನ ನೋಡಿದರೆ, ಇರುವ ಒಂದೇ ಒಳ್ಳೆಯ ಪ್ಯಾಂಟಿನ ಗುಂಡಿ ಕೂಡುತ್ತಿಲ್ಲ. ನನ್ನನ್ನೂ ಎಳೆದುಕೊಂಡು ಟೈಲರ್ ರಹಮತ್ ಸಾಹೇಬರ ಬಳಿ ಓಡಿದರು.

“ಸೊಂಟ ಒಸಿ ಲೂಸ್ ಮಾಡ್ಕೊಡಿ ಸಾಬ್ರೆ. ಹತ್ತರಿಂದ ಐದರ ಗಂಟ ಕುಂತ್ಕಂಡು ತಲೆ ಓಡುಸ್ಬೇಕು. ಮೈ ಕೆಲ್ಸ ಆದ್ರೆ ಬೆವ್ರಲ್ಲಿ ಓಯ್ತದೆ. ತಲೆ ಕೆಲ್ಸ ಎಲ್ಲಾ ಮೈಗೇ ಅತ್ಕತದೆ.”

ಬೆಳಗಿನ ಏಳರಿಂದ ಮೆಷಿನ್ ತುಳಿಯುತ್ತಿದ್ದ ಸಾಹೇಬರು ಪ್ಯಾಂಟಿನ ಒಳಮೈ ಮಗುಚಿದರು. ಮುಂದೆ ಬೇಕಾದೀತೆಂದು ಹೊಲಿಗೆಯ ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರುತ್ತಾರಲ್ಲ, ಅದು ಮುಗಿದೇ ಹೋಗಿತ್ತು.

“ಯುಗಾದಿಗೆ ಒಂದ್ಸಲ ಲೂಸ್ ಮಾಡ್ದೆ, ಗಣಪತಿ ಹಬ್ಬಕ್ಕೆ ಇನ್ನೊಂದ್ಸಲ. ಈಗ ಒಳಗೆ ಬಟ್ಟೇನೇ ಇಲ್ಲ ಸಾರ್. ನೀವು ಸ್ವಲ್ಪ ಕಮ್ಮಿ ಯೋಚ್ನೆ ಮಾಡ್ಬೇಕಿತ್ತು.”

ಕೊನೆಗೆ ಗುಂಡಿಯನ್ನು ಸೊಂಟಪಟ್ಟಿಯ ತೀರಾ ತುದಿಗೆ ಸರಿಸಿ ಹೊಲಿದು ಕೊಟ್ಟರು. “ನಿಂತ್ರೆ ಏನೂ ಆಗಲ್ಲ. ಕೂತ್ರೆ ನನ್ನ ಜವಾಬ್ದಾರಿ ಅಲ್ಲ.”

ಸ್ವಾಗತ, ಹಾರ, ಭಾಷಣಗಳು, ವಂದನಾರ್ಪಣೆ ಎಲ್ಲ ಸೇರಿ ಎರಡು ಗಂಟೆ. ನಂಜಪ್ಪನವರು ತಮಗೆಂದು ಹಾಕಿದ್ದ ಕುರ್ಚಿಯ ಪಕ್ಕದಲ್ಲಿ, ಉಸಿರು ಬಿಗಿಹಿಡಿದು, ಅಷ್ಟು ಹೊತ್ತೂ ನಿಂತೇ ಇದ್ದರು. ಎಷ್ಟು ಹೇಳಿದರೂ ಕೂರಲಿಲ್ಲ.

“ನೋಡಿ, ಎಂಥ ವಿನಯ!” ಎಂದರು ಅಧ್ಯಕ್ಷರು.

ವಿನಯದ ವಿಷಯ ನನಗೆ ತಿಳಿಯದು. ಆ ಪ್ರಶಸ್ತಿಗೆ ತಕ್ಕ ದುಡಿಮೆಯನ್ನು ಅವರು ಮಾಡಿದ್ದು ಮಾತ್ರ ಅದನ್ನು ಸ್ವೀಕರಿಸುವಾಗಲೇ.